ಮನೆಯ ನಿಸ್ತಂತು ಜಾಲ ಮತ್ತು ಒಡೆಯನ ಹೊಣೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಗಂಗಾವತಿಯ ಭಾಗದಲ್ಲಿ ಅಕ್ರಮವಾಗಿ ಸೆಳೆದರೆ, ಕೆಳಗಿನ ಮಾನ್ವಿ, ರಾಯಚೂರುಗಳ ಹೊಲಗಳು ಒಣಗಿ ಅದನ್ನು ಸಾರಿ ಹೇಳುವುವು. ಮನೆಯ ವೈಫೈ ಜಾಲವನ್ನು ಪರರು ಅಪ್ಪಣೆಯಿಲ್ಲದೆ ಬಳಸಿದರೆ ಅಂತಹ ಕುರುಹು ಸುಲಭವಾಗಿ ತೋರದು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಒತ್ತಾದ ಓಣಿಗಳಲ್ಲಿ ರೇಡಿಯೋ ಅಲೆಗಳು ಗೋಡೆಯನ್ನು ದಾಟಿ ಬೀದಿಗೂ ತಲುಪುವುವು. ಹಾಗಾದರೆ ಕಾವಲಿನ ಹೊಣೆ ಯಾರದು?

1933ರ ಭಾರತೀಯ ನಿಸ್ತಂತು ಶಾಸನವು ಪರವಾನಗಿಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದಿತು. ಸ್ವತಂತ್ರ ಭಾರತದಲ್ಲಿಯೂ ಬಹುಕಾಲ ಮನೆಯ ರೇಡಿಯೋಗೆ ಪರವಾನಗಿ ಬೇಕಾಗಿತ್ತು. 2005ರಲ್ಲಿ ಕೇಂದ್ರ ಸರ್ಕಾರವು ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಬಿಡುಗಡೆ ಮಾಡಿತು. ಸ್ವಾತಂತ್ರ್ಯದ ಜೊತೆಗೆ ಕಾವಲೂ ಮನೆಯವರ ಪಾಲಿಗೆ ಬಂದಿತೆಂದು ನಾವು ಭಾವಿಸುತ್ತೇವೆ.

2008ರ ಜುಲೈ ತಿಂಗಳಲ್ಲಿ ಅಹಮದಾಬಾದಿನ ಸ್ಫೋಟಗಳ ಸಂಬಂಧವಾದ ಇ-ಮೇಲ್ ನವಿ ಮುಂಬಯಿಯ ಮನೆಯೊಂದರ ರಕ್ಷಣೆಯಿಲ್ಲದ ಜಾಲದಿಂದ ಹೊರಟಿತು. ಪೊಲೀಸರು ಆ ಮನೆಗೇ ಬಂದರು. ಏಕೆಂದರೆ ಹೊರಗಿನವರಿಗೆ ಕಾಣುವುದು ಸಂಪರ್ಕದ ವಿಳಾಸ; ಬಳಸಿದವನ ಮುಖವಲ್ಲ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೆಯ ಕಲಮಿನಂತೆ ಅನುಮತಿಯಿಲ್ಲದೆ ಪರರ ಜಾಲವನ್ನು ಹೊಕ್ಕವನು ಪರಿಹಾರ ತೆರಬೇಕು. ಅದನ್ನು ವಂಚನೆಯಿಂದಾಗಲಿ ಅಪ್ರಾಮಾಣಿಕವಾಗಿಯಾಗಲಿ ಮಾಡಿದರೆ, 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಆದುದರಿಂದ ಅಪರಾಧವು ಹೊಕ್ಕವನದೇ. ಆದರೆ ಸಂಶಯದ ಮೊದಲ ಪೆಟ್ಟು ಒಡೆಯನಿಗೆ ಬೀಳುತ್ತದೆ. ರೌಟರಿನೊಡನೆ ಬಂದ ಪಾಸ್‌ವರ್ಡನ್ನು ಬದಲಿಸಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆಯನ್ನು ಅಳವಡಿಸುವುದು ಕೆಲವು ನಿಮಿಷಗಳ ಕೆಲಸ. ನಿರಪರಾಧಿಯೆಂದು ಸ್ಥಾಪಿಸುವ ಶ್ರಮಕ್ಕಿಂತ ಅದು ಬಹಳ ಹಗುರವಾದುದು.