ಸೋಗೆ ಹಳದಿಯಾದರೆ ಕಾರಣ ಯಾವುದು? ಪಾತ್ರಕೇಸರಿಯ ತರ್ಕವೂ ಸುಳ್ಯದ ಅಡಿಕೆ ತೋಟವೂ

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಅಡಿಕೆ ಮರದ ಸೋಗೆ ಹಳದಿಯಾಗತೊಡಗಿದರೆ ನೆರೆಕರೆಯವರು ತಲೆಗೊಂದು ಕಾರಣ ಹೇಳುತ್ತಾರೆ. ಕಣಿಯಲ್ಲಿ ನೀರು ನಿಂತಿದೆ ಎನ್ನುವವರು ಒಬ್ಬರು, ಪೊಟಾಷ್ ಸಾಲದು ಎನ್ನುವವರು ಮತ್ತೊಬ್ಬರು. ಇದು ಹಳದಿ ರೋಗವೇ, ಇನ್ನು ಮರ ಉಳಿಯದು ಎನ್ನುವವರೂ ಇದ್ದಾರೆ. ಮೂರಕ್ಕೂ ಪರಿಹಾರ ಬೇರೆ, ಖರ್ಚು ಬೇರೆ. ಕಡಿದು ಹೊಸ ಗಿಡ ಇಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಆದ್ದರಿಂದ ‘ಇದೇ ಕಾರಣ’ ಎಂದು ಯಾವಾಗ ಹೇಳಬಹುದು ಎಂಬುದು ಇಲ್ಲಿ ಬರೀ ಪಂಡಿತರ ಚರ್ಚೆಯಲ್ಲ, ಮನೆಯ ಆದಾಯದ ಪ್ರಶ್ನೆ.

ಜೈನ ತಾರ್ಕಿಕರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದರು. ಒಳ್ಳೆಯ ಹೇತುವಿಗೆ ಮೂರು ಲಕ್ಷಣಗಳಿರಬೇಕು ಎಂಬುದು ಬೌದ್ಧ ಆಚಾರ್ಯ ದಿಙ್ನಾಗನ ಮತ. ಚರ್ಚೆಗೆ ಬಂದ ವಸ್ತುವಿನಲ್ಲಿ ಹೇತು ಇರಬೇಕು, ಅಂಥ ಬೇರೆ ಉದಾಹರಣೆಗಳಲ್ಲೂ ಇರಬೇಕು, ವಿರುದ್ಧ ಉದಾಹರಣೆಗಳಲ್ಲಿ ಇರಬಾರದು. ಪಾತ್ರಕೇಸರಿ ಇದನ್ನು ಖಂಡಿಸಿ ‘ತ್ರಿಲಕ್ಷಣಕದರ್ಥನ’ ಬರೆದರು. ಆ ಗ್ರಂಥ ಇಂದು ಸಿಗುವುದಿಲ್ಲ. ಅದರ ವಾದ ಉಳಿದಿರುವುದು ಇತರರ ಕೃತಿಗಳಲ್ಲಿ, ಬೌದ್ಧ ಶಾಂತರಕ್ಷಿತನ ‘ತತ್ತ್ವಸಂಗ್ರಹ’ದಲ್ಲೂ. ಎದುರಾಳಿ ಉತ್ತರ ಕೊಡಲೆಂದು ಉಲ್ಲೇಖಿಸಿದ್ದರಿಂದ ಉಳಿಯಿತು ಎನ್ನಬೇಕು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯೂ ಪಾತ್ರಕೇಸರಿಯನ್ನು ಈ ಖಂಡನೆಗಾಗಿಯೇ ಹೊಗಳುತ್ತದೆ.

ಅವರು ಹೇಳಿದ್ದು ಇಷ್ಟೆ: ಮೂರು ಲಕ್ಷಣ ಬೇಡ, ಒಂದೇ ಸಾಕು. ಅದು ‘ಅನ್ಯಥಾನುಪಪತ್ತಿ’. ಸಾಧ್ಯವಿಲ್ಲದೆ ಹೇತು ಇರಲಾರದು ಎಂಬ ನಿಯಮ. ಜೈನ ತರ್ಕಗ್ರಂಥಗಳ ಉದಾಹರಣೆ ಸೊಗಸಾಗಿದೆ. ಒಬ್ಬಾಕೆಯ ಮಕ್ಕಳೆಲ್ಲ ಕಪ್ಪು. ಆದ್ದರಿಂದ ಹೊಟ್ಟೆಯಲ್ಲಿರುವ ಮಗುವೂ ಕಪ್ಪು. ಮೂರು ಲಕ್ಷಣಗಳೂ ಇಲ್ಲಿವೆ, ಆದರೂ ಮಗು ಬೆಳ್ಳಗೆ ಹುಟ್ಟಬಹುದು. ಇದಕ್ಕೆ ಎದುರಾಗಿ, ಕೃತ್ತಿಕೆ ಮೂಡಿದೆ, ಆದ್ದರಿಂದ ಮುಹೂರ್ತದ ಬಳಿಕ ರೋಹಿಣಿ ಮೂಡುತ್ತದೆ ಎನ್ನುವಾಗ ಕೃತ್ತಿಕೆ ರೋಹಿಣಿಯಲ್ಲಿ ಇಲ್ಲವೇ ಇಲ್ಲ. ಮೊದಲ ಲಕ್ಷಣವೇ ತಪ್ಪಿತು, ಅನುಮಾನ ಮಾತ್ರ ಸರಿ.

ಈಗ ತೋಟಕ್ಕೆ ಮರಳೋಣ. ಕಾರಣ ತಿಳಿಯದೆಯೂ ಮದ್ದು ಕೈಗೆ ಸಿಗುವುದುಂಟು. ಪುತ್ತೂರು, ಕಡಬದಲ್ಲಿ ಮಳೆಗಾಲಕ್ಕೆ ‘ಮದ್ದು ಬಿಡುವ’ ಬೋರ್ಡೋ ದ್ರಾವಣದ ಕಥೆ ಅಂಥದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಂತೆ ದಾರಿಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗಲದ್ದನ್ನು ಮಿಯಾರ್ದೆ ಗಮನಿಸಿ 1885ರಲ್ಲಿ ಪ್ರಕಟಿಸಿದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ವರದಿ ಪ್ರಕಟಿಸಿದರು. ಮಲೆನಾಡಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಕಾಲ ಅದು. ಫೈಟಾಫ್ಥೊರಾ ಎಂಬ ಶಿಲೀಂಧ್ರದಂಥ ಜೀವಿಯೇ ರೋಗಕ್ಕೆ ಮೂಲವೆಂದು ತೋರಿಸಿ, ಕಳ್ಳರ ಭಯಕ್ಕೆ ಹುಟ್ಟಿದ ಆ ದ್ರಾವಣವನ್ನೇ ಅವರು ಗೊನೆಗೆ ಹೊಡೆಸಿದರು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ.

ಹಳದಿ ರೋಗ ಇಷ್ಟು ಸುಲಭವಾಗಿ ಮಣಿಯಲಿಲ್ಲ. 1914ರ ಸುಮಾರಿಗೆ ಕೇರಳದಲ್ಲಿ ಕಂಡ ರೋಗಕ್ಕೆ ದಶಕಗಳ ಕಾಲ ಮಣ್ಣು, ಪೋಷಕಾಂಶ, ಶಿಲೀಂಧ್ರ, ಜಂತುಹುಳು ಎಂದು ಒಂದೊಂದನ್ನೇ ಹಿಡಿದು ನೋಡಿದರು. ಜರ್ಮನಿಯ ರಾಬರ್ಟ್ ಕೋಚ್ ಹೆಸರಿನ ನಿಯಮಗಳ ಪ್ರಕಾರ ರೋಗಾಣುವನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಆರೋಗ್ಯವಂತ ಗಿಡಕ್ಕೆ ಹಾಕಿ ಅದೇ ರೋಗ ಬರಿಸಬೇಕು. ಇಲ್ಲಿ ಬೆಳೆಸಲು ಏನೂ ಸಿಗಲಿಲ್ಲ.

ದಾರಿ ತೋರಿದ್ದು ಜಪಾನಿನ ಹಿಪ್ಪುನೇರಳೆ. 1967ರಲ್ಲಿ ದೊಯಿ ಮತ್ತು ಸಂಗಡಿಗರು ಅದರ ಕುಬ್ಜ ರೋಗದಲ್ಲಿ, ಎಲೆಯ ಆಹಾರ ಸಾಗಿಸುವ ನಾಳಗಳೊಳಗೆ, ಕೋಶಭಿತ್ತಿಯೇ ಇಲ್ಲದ ಸೂಕ್ಷ್ಮಜೀವಿಗಳನ್ನು ಕಂಡರು. ಅದುವರೆಗೆ ಅಂಥ ರೋಗಗಳನ್ನು ವೈರಸ್‌ನವು ಎಂದುಕೊಳ್ಳಲಾಗಿತ್ತು. ಟೆಟ್ರಾಸೈಕ್ಲಿನ್ ಕೊಟ್ಟಾಗ ರೋಗಲಕ್ಷಣ ಹಿಂಜರಿಯಿತು. ವೈರಸ್ ಆಗಿದ್ದರೆ ಹಾಗಾಗುತ್ತಿರಲಿಲ್ಲ. ಇಂದು ಅವುಗಳಿಗೆ ಫೈಟೋಪ್ಲಾಸ್ಮಾ ಎಂದು ಹೆಸರು. ಹಳದಿಯಾದ ಅಡಿಕೆ ಮರದಲ್ಲಿ ಅವು ಇರುವುದು 1978ರಲ್ಲಿ ವರದಿಯಾಯಿತು.

ಇಲ್ಲಿಗೇ ನಿಂತಿದ್ದರೆ ಅದು ‘ಮಕ್ಕಳೆಲ್ಲ ಕಪ್ಪು’ ಎಂಬಂಥ ಹೇತು. ರೋಗದ ಮರದಲ್ಲಿ ಜೀವಿ ಇದೆ, ಒಳ್ಳೆಯ ಮರದಲ್ಲಿಲ್ಲ, ನಿಜ. ಆದರೆ ಸೊರಗಿದ ಮರಕ್ಕೆ ಅದು ಆಮೇಲೆ ಬಂದು ಸೇರಿರಬಾರದೇಕೆ? ಈ ಅನುಮಾನ ತೀರಬೇಕಾದರೆ ಬೇರೆ ಪರೀಕ್ಷೆಯೇ ಬೇಕು. ರೋಗದ ಮರದ ರಸ ಹೀರಿದ ಪ್ರೌಟಿಸ್ಟಾ ಮೊಯೆಸ್ಟಾ ಎಂಬ ಜಿಗಿಹುಳುಗಳನ್ನು ಬಲೆಯೊಳಗಿನ ಒಳ್ಳೆಯ ಸಸಿಗಳ ಮೇಲೆ ಬಿಟ್ಟಾಗ ಸಸಿಗಳಿಗೂ ರೋಗ ಬಂತು. ಪೋಷಕಾಂಶದ ಕೊರತೆ ಹುಳುವಿನ ಬಾಯಿಯಲ್ಲಿ ದಾಟಿ ಹೋಗದು. ಕೋಚ್ ನಿಯಮ ಪೂರ್ತಿಯಾಗದಿದ್ದರೂ ಬೇರೆ ಕಾರಣಗಳ ಬಾಗಿಲು ಒಂದೊಂದೇ ಮುಚ್ಚಿತು.

ಇದನ್ನೋದಿ ಜೈನಾಚಾರ್ಯರು ಫೈಟೋಪ್ಲಾಸ್ಮಾವನ್ನು ಮೊದಲೇ ಅರಿತಿದ್ದರು ಎಂದರೆ ಅತಿಶಯೋಕ್ತಿಯಾದೀತು. ಅವರು ಕೊಟ್ಟದ್ದು ಪ್ರಶ್ನೆ: ಇದಿಲ್ಲದೆಯೂ ಹೀಗಾಗಬಹುದೇ? ತೋಟದಲ್ಲಿ ಈ ಪ್ರಶ್ನೆಗೆ ಹಲವು ಸಲ ಹೌದೆಂದೇ ಉತ್ತರ. ನೀರು ನಿಂತರೂ ಸೋಗೆ ಹಳದಿ, ಪೊಟಾಷ್ ಕೊರತೆಗೂ ಹಳದಿ, ಎಲೆಚುಕ್ಕಿ ರೋಗ ಹೆಚ್ಚಾದರೂ ಹಳದಿ. ಬಣ್ಣವೊಂದನ್ನೇ ನಂಬಿ ಮರ ಕಡಿಯುವುದು ದುಡುಕು. ಹಳದಿ ರೋಗದಲ್ಲಿ ಎಲೆಗರಿ ತುದಿಯಿಂದ ಹಳದಿಯಾಗಿ, ಮರದ ತಲೆ ಕಿರಿದಾಗುತ್ತದೆ. ಅಡಿಕೆಯ ಒಳಗೆ ಕಪ್ಪಾಗುತ್ತದೆ. ಗುರುತು ಸಾಲದಿದ್ದರೆ ಸೋಗೆಯ ಡಿಎನ್‌ಎ ಪರೀಕ್ಷೆ ಇದೆ. ಮಣ್ಣು ಪರೀಕ್ಷೆ ಮಾಡಿಸಿ, ಕಣಿ ಬಿಡಿಸಿ ನೋಡುವುದು ಅದಕ್ಕೂ ಮೊದಲು ಆಗಬೇಕಾದ ಕೆಲಸ.

ಹಳದಿ ರೋಗ ಗುಣಪಡಿಸುವ ಮದ್ದು ಇನ್ನೂ ಬಂದಿಲ್ಲ. ಬೋರ್ಡೋ ದ್ರಾವಣ ಇದಕ್ಕೆ ನಾಟದು. ರೋಗ ಹಬ್ಬಿದ ತೋಟದಲ್ಲೂ ಹಸಿರಾಗಿಯೇ ನಿಂತ ಮರಗಳನ್ನು ಆಯ್ದು ಸಹಿಷ್ಣು ತಳಿ ಬೆಳೆಸುವ ಕೆಲಸ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ನಡೆದಿದೆ. ಅಂಥ ಮರ ಹಸಿರಾಗಿರುವುದು ತನ್ನ ಗುಣದಿಂದಲೋ, ಹುಳು ಇನ್ನೂ ತಲಪದ್ದರಿಂದಲೋ ಎಂದು ಅಲ್ಲಿಯೂ ಮೊದಲು ಕೇಳಬೇಕಾಗುತ್ತದೆ.