ಗಿಳಿಯ ಕಾಲುನೋವಿಗೆ ಬೇವಿನ ಕೋಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪಡಸಾಲೆಯ ಪಂಜರದಲ್ಲಿ ದಿನವಿಡೀ ಚಿಲಿಪಿಲಿ ಎನ್ನುವ ಹಳದಿ, ನೀಲಿ, ತಿಳಿಹಸಿರು ಹಕ್ಕಿಗಳನ್ನು ‘ಲವ್ ಬರ್ಡ್ಸ್’ ಎಂದು ಕರೆಯುವುದು ರೂಢಿ. ಆ ಹೆಸರಿನಲ್ಲಿ ಮಾರಾಟವಾಗುವ ಹೆಚ್ಚಿನವು ಬಜ್ರಿಗರ್ ಎಂಬ ಪುಟ್ಟ ಗಿಳಿಗಳು. ಮೂಲ ಊರು ಆಸ್ಟ್ರೇಲಿಯಾದ ಒಣ ಬಯಲು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಲೋಕದ ತುಂಬ ಮನೆಹಕ್ಕಿಗಳಾದವು. ತೂಕ ಸುಮಾರು 30ರಿಂದ 40 ಗ್ರಾಂ.

ಇಷ್ಟು ಹಗುರ ಹಕ್ಕಿಗೆ ಕಾಲುನೋವು ಎಲ್ಲಿಂದ ಬರಬೇಕು ಎಂದು ಅನಿಸುವುದು ಸಹಜ. ಆದರೆ ನಾವು ನಿಂತು ದಣಿದರೆ ಕೂಡುತ್ತೇವೆ, ರಾತ್ರಿಯಾದರೆ ಮಲಗುತ್ತೇವೆ. ಗಿಳಿಗೆ ಎರಡೂ ಇಲ್ಲ. ಅದು ಕೂತಿದೆ ಎಂದು ನಾವು ಹೇಳುವಾಗಲೂ ಅದು ಅಂಗಾಲಿನ ಮೇಲೆ ನಿಂತೇ ಇರುತ್ತದೆ. ನಿದ್ದೆ ಬಂದಾಗ ಒಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡರೆ ಮೈಭಾರವೆಲ್ಲ ಇನ್ನೊಂದೇ ಕಾಲಿಗೆ ಬೀಳುತ್ತದೆ. ಆದ್ದರಿಂದ ಪಂಜರದ ಕೋಲೆಂದರೆ ಹಕ್ಕಿಗೆ ಕುರ್ಚಿ, ಹಾಸಿಗೆ, ಚಪ್ಪಲಿ ಎಲ್ಲವೂ. ಅದು ಸರಿಯಿಲ್ಲದಿದ್ದರೆ ಯಾವ ಮುಲಾಮು ಹಚ್ಚಿದರೂ ಹುಣ್ಣು ಮತ್ತೆ ಮತ್ತೆ ಬರುತ್ತದೆ.

ಹುಣ್ಣು ಹೇಗೆ ಆಗುತ್ತದೆ

ಗಿಳಿಯ ಕಾಲಿಗೆ ಮುಂದೆ ಎರಡು ಬೆರಳು, ಹಿಂದೆ ಎರಡು. ಕಾಡಿನಲ್ಲಿ ಅದು ಒಮ್ಮೆ ದಪ್ಪ ಟೊಂಗೆ, ಒಮ್ಮೆ ಸಣ್ಣ ರೆಂಬೆ, ಒಮ್ಮೆ ನೆಲ ಎಂದು ಜಾಗ ಬದಲಿಸುತ್ತ ಇರುತ್ತದೆ. ಪ್ರತಿ ಸಲವೂ ಅಂಗಾಲಿನ ಬೇರೆ ಭಾಗ ಭಾರ ಹೊರುತ್ತದೆ.

ಪಂಜರದ ಜೊತೆ ಸಿಗುವ ಪ್ಲಾಸ್ಟಿಕ್ ಕಡ್ಡಿಯಾದರೋ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ, ಒಂದೇ ನುಣುಪು. ತಿಂಗಳುಗಟ್ಟಲೆ ಅದರ ಮೇಲೇ ನಿಂತರೆ ಭಾರ ಅದೇ ಎರಡು ಮೂರು ಬಿಂದುಗಳ ಮೇಲೆ ಬೀಳುತ್ತದೆ. ಅಲ್ಲಿ ರಕ್ತ ಸರಿಯಾಗಿ ಹರಿಯದೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಇಲ್ಲವೆ ನಮ್ಮ ಕಾಲಿನ ಆಣಿಯಂತೆ ಜಡ್ಡುಗಟ್ಟುತ್ತದೆ. ಕೊನೆಗೆ ಬಿರುಕು ಬಿಡುತ್ತದೆ. ಹಿಕ್ಕೆ ಮೆತ್ತಿದ ಕೋಲಿನಿಂದ ಆ ಬಿರುಕಿನೊಳಗೆ ಬ್ಯಾಕ್ಟೀರಿಯಾ ಸೇರಿದರೆ ಬಾವು, ಹುಣ್ಣು. ಹಕ್ಕಿಯ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಿಣ್ಣದ ಹಾಗೆ ಗಟ್ಟಿಯಾಗುತ್ತದೆ. ಹಾಗಾಗಿ ಒತ್ತಿ ತೆಗೆಯುತ್ತೇನೆ ಎಂದು ಹೋದರೆ ಗಾಯ ದೊಡ್ಡದಾಗುತ್ತದೆ.

ಮೈ ಬಂದ ಹಕ್ಕಿ, ಉಗುರು ಬೆಳೆದು ಬೆರಳು ಸೊಟ್ಟಗೆ ಊರುವ ಹಕ್ಕಿ, ಬರೀ ಕಾಳು ತಿಂದು ಎ ಜೀವಸತ್ವ ಸಾಲದ ಹಕ್ಕಿ: ಇವಕ್ಕೆ ತೊಂದರೆ ಬೇಗ ಬರುತ್ತದೆ.

ಅಂಗಾಲು ನೋಡುವ ಬಗೆ

ಹಕ್ಕಿಯನ್ನು ಹಿಡಿಯುವುದೇ ಬೇಡ. ಅದು ಪಂಜರದ ತಂತಿಗೆ ಜೋತುಬಿದ್ದು ಹತ್ತುವಾಗ ಅಂಗಾಲು ನಮ್ಮ ಕಡೆಗೇ ಇರುತ್ತದೆ. ಆಗ ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಆರೋಗ್ಯದ ಅಂಗಾಲಿನ ಮೇಲೆ ಗಸಗಸೆ ಉದುರಿಸಿದಂತೆ ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಆ ಉಬ್ಬುಗಳು ಸವೆದು ಚರ್ಮ ನುಣ್ಣಗೆ, ಕೆಂಪಗೆ ಹೊಳೆಯುತ್ತಿದ್ದರೆ ಅದು ಮೊದಲ ಹಂತ. ಕೋಲು ಬದಲಿಸಿ ಆಹಾರ ತಿದ್ದಿದರೆ ಇಲ್ಲಿಂದ ಹಿಂದಕ್ಕೆ ಬರುವುದು ಸಾಧ್ಯ. ಕಪ್ಪು ಹಕ್ಕಳೆ, ಬಾವು, ರಕ್ತ ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಪದೇ ಪದೇ ಕಾಲು ಬದಲಿಸುವುದು, ಹಗಲಲ್ಲೂ ಒಂದು ಕಾಲು ಎತ್ತಿಯೇ ಇರುವುದು, ಕೋಲು ಬಿಟ್ಟು ಪಂಜರದ ತಳದಲ್ಲಿ ಕೂಡುವುದು, ಇವೂ ಸೂಚನೆಗಳೇ. ಹಕ್ಕಿ ತನ್ನ ನೋವನ್ನು ಕೊನೆಯವರೆಗೂ ಬಚ್ಚಿಡುತ್ತದೆ, ಆದ್ದರಿಂದ ವಾರಕ್ಕೊಮ್ಮೆ ನಾವಾಗಿಯೇ ನೋಡಬೇಕು.

ಯಾವ ಗಿಡದ ಟೊಂಗೆ

ಬೇವು ಮತ್ತು ಪೇರಲ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ ಆಯ್ಕೆ. ಎರಡೂ ಗಟ್ಟಿ, ಎರಡರ ತೊಗಟೆಯನ್ನೂ ಹಕ್ಕಿ ಕಚ್ಚಿದರೆ ತೊಂದರೆಯಿಲ್ಲ. ಬೇವಿನ ತೊಗಟೆಯ ಒರಟು ಅಂಗಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ.

ತೋಟದ ಟೊಂಗೆಯ ವಿಷಯದಲ್ಲಿ ಮಾತ್ರ ಎಚ್ಚರ. ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದ ಮೇಲೆ ದ್ರಾಕ್ಷಿ ತೋಟದ ಬದುವಿನಲ್ಲಿ ಬಿದ್ದಿರುವ ಸೊಟ್ಟ ಬಳ್ಳಿಗಳು ನೋಡಲು ಚೆಂದ, ಆಕಾರವೂ ಹಕ್ಕಿಗೆ ಒಪ್ಪುವಂಥದ್ದೇ. ಆದರೆ ಅವುಗಳ ಮೈಗೆ ಮೈಲುತುತ್ತದಿಂದ ಹಿಡಿದು ಹಲವು ಔಷಧ ಸಿಂಪಡಣೆ ಆಗಿರುತ್ತದೆ. ದಾಳಿಂಬೆಯ ಕಥೆಯೂ ಅದೇ. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಯ ಟೊಂಗೆಗೆ ಸಿಂಪಡಣೆಯ ಜೊತೆ ಮುಳ್ಳಿನ ಕಾಟವೂ ಇದೆ. ಔಷಧ ಕಾಣದ ಹಿತ್ತಲಿನ ಗಿಡವೇ ಮೇಲು.

ಕಣಗಿಲೆ, ಎಕ್ಕ, ಔಡಲ, ದತ್ತೂರಿ ವಿಷದ ಗಿಡಗಳು. ಇವುಗಳ ಒಂದು ಕಡ್ಡಿಯೂ ಪಂಜರದ ಹತ್ತಿರ ಸುಳಿಯಬಾರದು. ಬಾಗಿಲ ಮುಂದೆ ಹೂ ಬಿಟ್ಟಿರುವ ಕಣಗಿಲೆ ಕೈಗೆ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕೋಲು ಮಾಡುವ ಕ್ರಮ

1. ದಪ್ಪ 1ರಿಂದ 2 ಸೆಂಟಿಮೀಟರ್ ಒಳಗಿರಲಿ, ಒಂದೇ ಕೋಲಿನಲ್ಲೂ ಹೆಚ್ಚು ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಹಕ್ಕಿ ಕೂತಾಗ ಬೆರಳುಗಳು ಕೋಲಿನ ಸುತ್ತಳತೆಯ ಮುಕ್ಕಾಲು ಪಾಲನ್ನಷ್ಟೇ ಸುತ್ತಬೇಕು. ಮುಂದಿನ ಉಗುರು ಹಿಂದಿನ ಬೆರಳಿಗೆ ತಾಗುತ್ತಿದ್ದರೆ ಕೋಲು ತೀರ ಸಣ್ಣದು.

2. ಎಲೆ, ಚೂಪು ಗಂಟು ತೆಗೆದು ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಮೇಲೆ ಕುದಿಯುವ ನೀರು ಸುರಿದು ಎರಡು ಮೂರು ದಿನ ಬಿಸಿಲಿಗಿಡಿ. ವಿಜಯಪುರ ಜಿಲ್ಲೆಯ ಬಿಸಿಲು ಈ ಕೆಲಸಕ್ಕೆ ಧಾರಾಳ ಸಾಕು. ಒಳಗೆ ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ.

3. ಪಂಜರದ ಅಗಲಕ್ಕೆ ಕತ್ತರಿಸಿ, ಎರಡೂ ತುದಿಗೆ ಚಾಕುವಿನಿಂದ ಸಣ್ಣ ಕಚ್ಚು ಮಾಡಿದರೆ ತಂತಿಗೆ ಸಿಕ್ಕಿ ಅಲುಗಾಡದೆ ನಿಲ್ಲುತ್ತದೆ. ಸತುವಿನ ಲೇಪದ ತಂತಿಯಿಂದ ಕಟ್ಟಬೇಡಿ. ಹಕ್ಕಿ ಅದನ್ನು ಕಚ್ಚುತ್ತದೆ, ಸತು ಅದಕ್ಕೆ ವಿಷ. ಬಣ್ಣ, ವಾರ್ನಿಷ್ ಕೂಡ ಬೇಡ.

4. ಬೇರೆ ಬೇರೆ ದಪ್ಪದ ಮೂರು ಕೋಲು ಸಾಕು. ಹಕ್ಕಿ ರಾತ್ರಿ ಮಲಗುವುದು ಎಲ್ಲಕ್ಕೂ ಮೇಲಿನ ಕೋಲಿನ ಮೇಲೆ, ಹಾಗಾಗಿ ಕಾಲಿಗೆ ಅತಿ ಹಿತವಾದದ್ದು ಅಲ್ಲಿರಲಿ. ಕಾಳು, ನೀರಿನ ಬಟ್ಟಲಿನ ನೇರಕ್ಕೆ ಕೋಲು ಬೇಡ, ಹಿಕ್ಕೆ ಬೀಳುತ್ತದೆ.

5. ಹಳೆಯ ಕಡ್ಡಿಯನ್ನು ಒಮ್ಮೆಲೇ ಕೀಳಬೇಡಿ. ಹೊಸದು ರೂಢಿಯಾಗುವವರೆಗೆ ಕೆಲವು ದಿನ ಜೊತೆಗೇ ಇರಲಿ.

ಕಾಲು ಈಗಾಗಲೇ ನೋಯುತ್ತಿರುವ ಹಕ್ಕಿಗೆ ಅಂಗೈಯಗಲದ ಚಪ್ಪಟೆ ಮರದ ತುಂಡೊಂದನ್ನು ತಗ್ಗಿನಲ್ಲಿ ಜೋಡಿಸಿ. ಅದರ ಮೇಲೆ ಬೆರಳು ಮಡಚದೆ ನಿಲ್ಲಬಹುದು, ಭಾರ ಇಡೀ ಅಂಗಾಲಿಗೆ ಹಂಚಿಹೋಗುತ್ತದೆ. ತಳದ ತಂತಿಜಾಲಿಯ ಮೇಲೆ ಪೇಪರ್ ಹಾಸಿ ದಿನವೂ ಬದಲಿಸಿ. ಉಗುರು ಸವೆಯಲೆಂದು ಮಾರುವ ಉಪ್ಪುಕಾಗದದ ಹೊದಿಕೆಯನ್ನು ಕಿತ್ತುಹಾಕಿ, ಅದು ಸವೆಸುವುದು ಅಂಗಾಲನ್ನೇ. ಹತ್ತಿ ಹಗ್ಗದ ಕೋಲು ಮೆತ್ತಗಿರುತ್ತದೆ ನಿಜ, ಎಳೆ ಬಿಟ್ಟರೆ ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತದೆ.

ಬಟ್ಟಲಿನಲ್ಲಿ ಏನಿರಬೇಕು

ನವಣೆ, ಸಜ್ಜೆ ಹಕ್ಕಿಗೆ ಇಷ್ಟ. ಆದರೆ ಬರೀ ಕಾಳಿನಲ್ಲಿ ಚರ್ಮವನ್ನು ಗಟ್ಟಿಯಾಗಿಡುವ ಎ ಜೀವಸತ್ವ ಸಾಲದು. ನುಗ್ಗೆಸೊಪ್ಪು, ಮೆಂತೆಸೊಪ್ಪು, ಕೊತ್ತಂಬರಿ, ತುರಿದ ಗಜ್ಜರಿ ದಿನಕ್ಕೊಂದರಂತೆ ಚೆನ್ನಾಗಿ ತೊಳೆದು ಕೊಡಿ. ಬೆಣ್ಣೆಹಣ್ಣು ಮತ್ತು ಚಾಕೊಲೇಟ್ ಹಕ್ಕಿಯ ಪ್ರಾಣಕ್ಕೇ ಕುತ್ತು. ದಿನಕ್ಕೊಮ್ಮೆ ಬಾಗಿಲು, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಕೋಣೆಯಲ್ಲಿ ಹಾರಲು ಬಿಟ್ಟರೆ ಮೈಯೂ ಇಳಿಯುತ್ತದೆ, ಕಾಲಿಗೂ ಬಿಡುವು ಸಿಗುತ್ತದೆ.

ಗಾಯವಾಗಿದ್ದರೆ

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ, ಹತ್ತಿ ಅದ್ದಿ ಅಂಗಾಲನ್ನು ಮೆಲ್ಲಗೆ ಒರೆಸಬಹುದು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ. ಹಿಡಿಯುವಾಗ ಎದೆ ಒತ್ತಬೇಡಿ. ಎದೆ ಹಿಗ್ಗಿ ಕುಗ್ಗಿದರೆ ಮಾತ್ರ ಹಕ್ಕಿಗೆ ಉಸಿರು. ಹಕ್ಕಳೆ ಕೀಳಬೇಡಿ. ಮನುಷ್ಯರ ನೋವಿನ ಮುಲಾಮು ಹಚ್ಚಬೇಡಿ, ಹಕ್ಕಿ ಕೊಕ್ಕಿನಿಂದ ಅದನ್ನು ಕೆರೆದು ನುಂಗುತ್ತದೆ. ದನಗಳಿಗೆ ಕೊಟ್ಟ ಡೈಕ್ಲೋಫಿನಾಕ್ ಎಂಬ ನೋವಿನ ಔಷಧವೇ, ಸತ್ತ ದನಗಳ ಮಾಂಸದ ಮೂಲಕ ಹೊಟ್ಟೆ ಸೇರಿ, ಭಾರತದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ದನಗಳ ಚಿಕಿತ್ಸೆಗೆ ಅದನ್ನು ನಿಷೇಧಿಸಬೇಕಾಯಿತು.

ಎಲ್ಲ ಕಾಲುನೋವೂ ಕೋಲಿನಿಂದಲೇ ಬರುವುದಿಲ್ಲ. ಕಾಲು ಮತ್ತು ಕೊಕ್ಕಿನ ಬುಡದಲ್ಲಿ ಸುಣ್ಣ ಹಚ್ಚಿದಂತೆ ಹೊಪ್ಪಳಿಕೆ ಕಂಡರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಬೆರಳಿನ ಕೀಲುಗಳಲ್ಲಿ ಬಿಳಿ ಗಂಟು ಕಂಡರೆ ಮೂತ್ರಪಿಂಡದ ತೊಂದರೆ ಇರಬಹುದು. ಎರಡಕ್ಕೂ ಔಷಧ ಬೇರೆ, ವೈದ್ಯರೇ ಕೊಡಬೇಕು.

ದನದ ದವಾಖಾನಿಗೆ ಇಷ್ಟು ಸಣ್ಣ ಹಕ್ಕಿಯನ್ನು ಒಯ್ಯುವುದು ಹೇಗೆ ಎಂದು ಸಂಕೋಚ ಪಡಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಗೆ ಬಟ್ಟೆ ಹಾಸಿ, ಬಿಸಿಲೇರುವ ಮೊದಲೇ ಹೋಗಿ. “ಸಾಹೇಬ್ರ, ಹಕ್ಕಿ ಕಾಲು ಬಾತೈತ್ರಿ, ಸ್ವಲ್ಪ ನೋಡ್ರಿ” ಎಂದು ಹೇಳಿ, ಅಂಗಾಲಿನ ಫೋಟೊ, ಪಂಜರದ ಫೋಟೊ ಎರಡನ್ನೂ ತೋರಿಸಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೀದರಿನ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಎಲ್ಲಿಗೆ ಹೋಗಬೇಕೆಂದು ಅವರನ್ನೇ ಕೇಳಿ.

ಇನ್ನೊಂದು ಮಾತು. ಮೇಲೆ ಹೇಳಿದ್ದೆಲ್ಲ ಬಜ್ರಿಗರ್‌ಗಳ ಬಗ್ಗೆ. ನಮ್ಮ ಹೊಲದ ಜೋಳದ ತೆನೆಗೆ ಎರಗುವ ಕೆಂಪು ಕೊಕ್ಕಿನ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದರ ಕಾಲಿಗೆ ಒಪ್ಪುವ ಕೋಲು ಹೊಲದ ಮರದಲ್ಲೇ ಇದೆ.

ಪಂಜರದ ಹಕ್ಕಿಗೆ ತನಗೆ ಬೇಕಾದ ಟೊಂಗೆ ಹುಡುಕಿ ಹೋಗುವ ದಾರಿ ಇಲ್ಲ. ಆ ಟೊಂಗೆಯನ್ನು ನಾವೇ ತಂದುಕೊಡಬೇಕು. ಇವತ್ತು ಸಂಜೆ ಹಕ್ಕಿ ತಂತಿ ಹತ್ತುವಾಗ ಒಮ್ಮೆ ಅದರ ಅಂಗಾಲು ನೋಡಿ, ನಾಳೆ ಹಿತ್ತಲಿನ ಬೇವಿನಿಂದ ಒಂದು ಟೊಂಗೆ ಕಡಿದು ತೊಳೆದು ಬಿಸಿಲಿಗಿಡಿ.