ಹಡಗು ಹತ್ತಿ ಬಂದ ಸೋದರಮಾವನ ಕಾರು

ವಿದೇಶದಲ್ಲಿರುವ ನೆಂಟರಿಂದ ನಮ್ಮ ಮನೆಗಳಿಗೆ ಏನು ಬರುತ್ತದೆ ಹೇಳಿ? ಒಂದು ಸೆಂಟಿನ ಸೀಸೆ, ಒಂದು ಡಬ್ಬಿ ಚಾಕೊಲೇಟು, ಮಕ್ಕಳಿಗೆ ದೊಡ್ಡದೋ ಚಿಕ್ಕದೋ ಆಗುವ ಒಂದು ಸ್ವೆಟರು. ದಾವಣಗೆರೆಯ ಒಂದು ಮನೆಗೆ 2025ರಲ್ಲಿ ಬಂದದ್ದು ಮಾತ್ರ ಇಡೀ ಒಂದು ಕಾರು! ಅದೂ 1968ರಲ್ಲಿ ತಯಾರಾದ, ಹಿಂಭಾಗಕ್ಕೆಲ್ಲ ಮರದ ಚೌಕಟ್ಟು ಇರುವ ಮಾರಿಸ್ ಮೈನರ್ ಟ್ರಾವೆಲರ್.

ಆ ಮನೆಯೊಡತಿ ನನ್ನ ಹಳೆಯ ಗೆಳತಿ. "ಹೆಸರು ಗಿಸರು ಹಾಕಬೇಡ ಕಣೇ, ನಾಳೆ ಸಂತೆಗೆ ಹೋದ್ರೂ ಖರ್ಚೆಷ್ಟಾಯ್ತು ಅಂತ ಕೇಳ್ತಾರೆ" ಎಂದಿದ್ದಾಳೆ. ಹೆಸರು ಬಿಟ್ಟಿದ್ದೇನೆ. ಖರ್ಚಿನ ಮಾತು ಬಿಡುವಂತಿಲ್ಲ, ಯಾಕೆಂದರೆ ಈ ಕಾರಿನಿಂದಾಗಿ ಅವರ ಮನೆಯ ಮಹಡಿ ಏಳಲಿಲ್ಲ.

ಕಾರು ಅವಳ ಸೋದರಮಾವನದು. ಅವರು ಡಾಕ್ಟರು. 1960ರ ದಶಕದಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ ನಮ್ಮ ದೇಶದಿಂದ ಸಾವಿರಾರು ವೈದ್ಯರು ಹೋದರಲ್ಲ, ಅವರಲ್ಲಿ ಒಬ್ಬರು. ಆಗ ಇಂಗ್ಲೆಂಡಿನಲ್ಲಿ ಈ ಮಾರಿಸ್ ಮೈನರ್ ಎಂದರೆ ನರ್ಸಮ್ಮನಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರ ಕಾರು. 1948ರಲ್ಲಿ ಶುರುವಾಗಿ ಹದಿನಾರು ಲಕ್ಷಕ್ಕೂ ಹೆಚ್ಚು ತಯಾರಾದವು. ನಮ್ಮ ಅಂಬಾಸಿಡರಿಗೂ ಇದು ದಾಯಾದಿಯೇ. ಅಂಬಾಸಿಡರಿನ ಮೂಲ ಅದೇ ಕಂಪನಿಯ ಮಾರಿಸ್ ಆಕ್ಸ್‌ಫರ್ಡ್. ಮಾವ ಊರಿಗೆ ಬಂದಾಗಲೆಲ್ಲ ತಂಗಿಗೆ, ಅಂದರೆ ನನ್ನ ಗೆಳತಿಯ ತಾಯಿಗೆ, "ಒಂದಲ್ಲ ಒಂದು ದಿನ ಈ ಕಾರನ್ನ ಇಲ್ಲಿಗೇ ತರ್ತೀನಿ, ನಿನ್ನ ಕೂರಿಸ್ಕೊಂಡು ಹರಿಹರಕ್ಕೆ ಹೋಗ್ತೀನಿ" ಅನ್ನುತ್ತಿದ್ದರಂತೆ. ತರಲಿಲ್ಲ. ಮಾವ ತೀರಿಕೊಂಡರು, ಅತ್ತೆ ದೊಡ್ಡ ಮನೆ ಮಾರಿ ಸಣ್ಣ ಫ್ಲಾಟಿಗೆ ಹೋಗುವಂತಾಯಿತು. ಅವರ ಮಕ್ಕಳಿಗೆ ಕಾರು ಬೇಡ. "ನಿಮ್ಮವ್ವ ಆಸೆಪಟ್ಟಿದ್ಲು, ತಗೊಂಡು ಹೋಗ್ತೀರಾ?" ಎಂದು ಅತ್ತೆ ಫೋನಿನಲ್ಲಿ ಕೇಳಿದರು.

ಮುಂಚೆ ಆಗಿದ್ದರೆ ಇದು ಆಗದ ಮಾತು. ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ನಮ್ಮ ದೇಶದೊಳಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಪ್ರಾಚೀನ ವಾಹನ ಎಂಬ ವಿನಾಯಿತಿ ಇತ್ತು, ಆದರೆ ಅದು 1950ಕ್ಕಿಂತ ಮುಂಚೆ ತಯಾರಾದವಕ್ಕೆ. 2025ರಲ್ಲಿ ಆ ಗಡಿ ತೆಗೆದು, ಐವತ್ತು ವರ್ಷ ದಾಟಿದ ವಾಹನ ತರಬಹುದು ಎಂದಾಯಿತು. ಮಾವನ ಕಾರಿಗೆ ಆಗ ಐವತ್ತೇಳು.

ಇಲ್ಲಿ ನಮ್ಮ ಓದುಗ ಸೋದರಿಯರು ಒಂದು ವಿಷಯ ಗಮನಿಸಬೇಕು. ಅತ್ತೆ ಕಾರನ್ನು ಕೊಟ್ಟದ್ದು ಬಿಟ್ಟಿಯಾಗಿ. "ಉಡುಗೊರೆಗೆ ಎಂಥ ಸುಂಕ?" ಎಂದು ಗೆಳತಿಯ ಯಜಮಾನರು ಧೈರ್ಯವಾಗಿದ್ದರು. ಸುಂಕದವರಿಗೆ ಆ ಲೆಕ್ಕ ಇಲ್ಲ. ನಾವು ದುಡ್ಡು ಕೊಟ್ಟೆವೋ ಇಲ್ಲವೋ, ವಸ್ತುವಿಗೆ ಒಂದು ಬೆಲೆ ಕಟ್ಟುತ್ತಾರೆ. ಆ ಬೆಲೆಯ ಮೇಲೆ ಹಡಗಿನ ಬಾಡಿಗೆ, ದಾರಿಯ ವಿಮೆ ಎರಡನ್ನೂ ಕೂಡಿಸುತ್ತಾರೆ. ಸುಂಕ ಬೀಳುವುದು ಆ ಒಟ್ಟು ಮೊತ್ತಕ್ಕೆ. ಲೆಕ್ಕ ತಿಳಿಯಲಿ ಎಂದು ಸುಮ್ಮನೆ ಒಂದು ಅಂಕಿ ಹೇಳುತ್ತೇನೆ: ಕಾರಿಗೆ 4 ಲಕ್ಷ, ಬಾಡಿಗೆ ಮತ್ತು ವಿಮೆ 2 ಲಕ್ಷ ಎಂದಿಟ್ಟುಕೊಳ್ಳಿ. ಸುಂಕ, ಅದರ ಮೇಲೆ ತೆರಿಗೆ, ಎಲ್ಲ ಸೇರಿ ಎರಡು ಪಟ್ಟು ಎಂದರೂ 12 ಲಕ್ಷ.  ಬಿಟ್ಟಿ ಸಿಕ್ಕ ಹಸುವಿಗೆ ಬೆಳ್ಳಿಯ ಕೊಟ್ಟಿಗೆ ಕಟ್ಟಿಸಿದ ಹಾಗೆ!

ಮಹಡಿ ಕಟ್ಟಿಸಲು ಬ್ಯಾಂಕಿನಲ್ಲಿ ಇಟ್ಟ ದುಡ್ಡು ಇತ್ತು. ಗಂಡ ಹೆಂಡತಿ ಒಂದು ವಾರ ಮಾತು ಬಿಟ್ಟರು. ಮಹಡಿಯಾದರೆ ಬಾಡಿಗೆ ಬರುತ್ತದೆ, ಕಾರು ಏನು ತರುತ್ತದೆ ಎನ್ನುವ ಅವರ ಮಾತಿನಲ್ಲಿ ತಪ್ಪೇನಿಲ್ಲ. ನನ್ನನ್ನು ಕೇಳಿದ್ದರೆ ನಾನೂ ಮಹಡಿ ಎನ್ನುತ್ತಿದ್ದೆ. ಎಂಬತ್ತು ದಾಟಿದ ಆಕೆಯ ತಾಯಿ ಒಂದು ಮಾತೂ ಆಡಲಿಲ್ಲವಂತೆ. ಮಾವ ಕಾರಿಗೆ ಒರಗಿ ನಿಂತ ಹಳೇ ಫೋಟೋವನ್ನು ದೇವರ ಗೂಡಿನ ಪಕ್ಕಕ್ಕೆ ತಂದಿಟ್ಟರಂತೆ, ಅಷ್ಟೇ. ಎಂಟನೆಯ ದಿನ ಯಜಮಾನರೇ ಮುಂಬಯಿಯ ಕ್ಲಿಯರಿಂಗ್ ಏಜೆಂಟರಿಗೆ ಫೋನು ಮಾಡಿದರು.

ಕಾರನ್ನು ಹಡಗಿಗೆ ಏರಿಸುವುದರಲ್ಲಿ ಎರಡು ಬಗೆ. ಒಂದು, ಕಾರನ್ನು ನೇರವಾಗಿ ಹಡಗಿನ ಹೊಟ್ಟೆಯೊಳಕ್ಕೆ ಓಡಿಸಿ ನಿಲ್ಲಿಸುವುದು. ಇನ್ನೊಂದು, ಕಬ್ಬಿಣದ ಕಂಟೇನರಿನಲ್ಲಿ ಇಟ್ಟು ಬೀಗ ಹಾಕುವುದು. ಇವರು ಎರಡನೆಯದನ್ನು ಆರಿಸಿದರು. ಇಪ್ಪತ್ತಡಿ ಕಂಟೇನರಿನ ಒಳಗೆ ಹತ್ತೊಂಬತ್ತು ಅಡಿ ಚಿಲ್ಲರೆ ಉದ್ದ ಸಿಗುತ್ತದೆ. ಕಾರು ಹನ್ನೆರಡೂವರೆ ಅಡಿ. ಪೆಟ್ರೋಲು ತಳದಲ್ಲಿ ಸ್ವಲ್ಪ ಉಳಿಸಿ ತೆಗೆದರು, ಬ್ಯಾಟರಿಯ ತಂತಿ ಕಳಚಿದರು, ಚಕ್ರಗಳಿಗೆ ಪಟ್ಟಿ ಬಿಗಿದರು. ಚಕ್ರಕ್ಕೆ ಕೊಡುವ ಮರದ ತುಂಡಿಗೂ ಹುಳ ಸಾಯುವಂತೆ ಬಿಸಿ ಮಾಡಿದ ಮುದ್ರೆ ಇರಬೇಕು. ಬೇಳೆಯನ್ನು ಬಿಸಿಲಿಗೆ ಹಾಕಿ ಡಬ್ಬಿ ತುಂಬುವ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಹಡಗು ಸೂಯೆಜ್ ಕಾಲುವೆಯಲ್ಲಿ ಬರಲಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳ ಹಡಗುಗಳು ಆಫ್ರಿಕಾ ಖಂಡವನ್ನೇ ಬಳಸಿ ಬರತೊಡಗಿದ್ದವು. ಹತ್ತು ಹದಿನೈದು ದಿನ ಹೆಚ್ಚಿಗೆ ಹಿಡಿದು, ಮುಂಬಯಿಯ ಎದುರು ದಡದ ನ್ಹಾವಾ ಶೇವಾ ಬಂದರಿಗೆ ಕಾರು ಬಂದು ಮುಟ್ಟಿತು.

ನಿಜವಾದ ಸಂಕಟ ಶುರುವಾದದ್ದು ಅಲ್ಲಿ. ಬಂದರು ಅಂದರೆ ಛತ್ರ ಇದ್ದ ಹಾಗೆ. ಕೆಲವು ದಿನ ಮಾತ್ರ ಉಚಿತ, ಆಮೇಲೆ ದಿನಕ್ಕಿಷ್ಟು. ಜಾಗಕ್ಕೆ ಬೇರೆ, ಕಂಟೇನರ್ ತಡೆದದ್ದಕ್ಕೆ ಬೇರೆ. ಸುಂಕದವರಿಗೆ ಕೊಡುವ ಬಿಲ್ ಆಫ್ ಎಂಟ್ರಿ ಎಂಬ ಕಾಗದ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ನಂತರ ದಿನಕ್ಕೆ 10,000 ರೂಪಾಯಿ. ಅದನ್ನೇನೋ ಏಜೆಂಟರು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರು. ಆದರೆ ಪರೀಕ್ಷೆ ಮಾಡಿದ ಅಧಿಕಾರಿ ಕೇಳಿದರು: ಇಂಗ್ಲೆಂಡಿನ ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ನಂಬರು ಒಂದು, ಕಾರಿನಲ್ಲಿರುವುದು ಇನ್ನೊಂದು. ಯಾಕೆ?

ದಿನಗಳು ಹೋದವು. ಮಹಡಿಯ ದುಡ್ಡು ಮುಗಿದು ಬಳೆಗಳ ಮಾತು ಬಂತು. "ಎರಡು ಬಳೆ ಬಿಚ್ಚಿ ಇಟ್ಟೇಬಿಟ್ಟಿದ್ದೆ ಕಣೇ" ಎಂದಳು ಗೆಳತಿ. ಕೊನೆಗೆ ಅವಳಿಗೇ ಹೊಳೆದು ಅತ್ತೆಗೆ ಫೋನು ಮಾಡಿದಳು. ಅತ್ತೆ ಮದುವೆಯಾದಾಗಿನಿಂದ ಮನೆಯ ಪ್ರತಿಯೊಂದು ರಸೀದಿಯನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಇಟ್ಟವರು. ಮನೆ ಖಾಲಿ ಮಾಡುವಾಗ ಮಕ್ಕಳು ಎಸೆಯಲು ಹೊರಟಿದ್ದ ಡಬ್ಬಿಗಳವು. ಮೂರನೆಯ ಡಬ್ಬಿಯಲ್ಲಿ ಸಿಕ್ಕಿತು, 1979ರ ಗ್ಯಾರೇಜಿನ ಬಿಲ್ಲು. ಹಳೆಯ ಎಂಜಿನ್ ತೆಗೆದು ರಿಪೇರಿಯಾದ ಬೇರೆ ಎಂಜಿನ್ ಕೂರಿಸಿದ್ದು, ಅದರ ನಂಬರು ಸಮೇತ! ಫೋಟೋ ಅದೇ ರಾತ್ರಿ ವಾಟ್ಸಾಪಿನಲ್ಲಿ ಬಂತು, ಅಸಲು ಪ್ರತಿ ಕೊರಿಯರಿನಲ್ಲಿ. ಕಾರು ಬಿಡುಗಡೆಯಾಯಿತು. ಬಳೆ ಕೈಗೆ ವಾಪಸಾಯಿತು.

ಹೀಗೆ ತರಿಸುವವರು ಹಡಗಿಗೆ ಹಾಕುವ ಮುಂಚೆಯೇ ಚಾಸಿಸ್ಸಿನ ನಂಬರು, ಎಂಜಿನ್ನಿನ ನಂಬರು ಎರಡನ್ನೂ ಕಾರಿನ ಮೇಲೆಯೇ ಓದಿ ಪುಸ್ತಕದ ಜೊತೆ ತಾಳೆ ನೋಡಿಸಬೇಕು. ಹಳೆಯ ಕಾರುಗಳಲ್ಲಿ ಎಂಜಿನ್ ಬದಲಾಗಿರುವುದು ಅಪರೂಪವಲ್ಲ.

ಬಂದರಿನಿಂದ ದಾವಣಗೆರೆಗೆ ಸುಮಾರು ಏಳುನೂರು ಕಿಲೋಮೀಟರು. ನೋಂದಣಿ ಇಲ್ಲದ ಕಾರನ್ನು ಓಡಿಸಿಕೊಂಡು ಬರುವಂತಿಲ್ಲ. ಮುಚ್ಚಿದ ಲಾರಿಯಲ್ಲಿ, ಪುಣೆಯ ಘಟ್ಟ ಹತ್ತಿ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ಬಂತು. ಬೀದಿಯ ಹುಡುಗರೆಲ್ಲ ಸೇರಿ ಹಲಗೆಯ ಮೇಲೆ ಇಳಿಸಿದರು. ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದರು.

ಆದರೆ ಹರಿಹರಕ್ಕೆ? 2021ರ ನಿಯಮದ ಪ್ರಕಾರ ಇಂಥ ವಾಹನಕ್ಕೆ ವಿಎ ಎಂಬ ಅಕ್ಷರವಿರುವ ಬೇರೆ ನಂಬರು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಪ್ರದರ್ಶನಕ್ಕೆ, ಪ್ರಾಚೀನ ಕಾರುಗಳ ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ತರಕಾರಿ ತರಲು ಹೊರಡುವಂತಿಲ್ಲ, ದೇವಸ್ಥಾನಕ್ಕೂ ಇಲ್ಲ. ಯಜಮಾನರು ಇದನ್ನು ಓದಿ ಹೇಳಿದಾಗ ಅವ್ವ, "ರ‍್ಯಾಲಿ ಹರಿಹರದ ಮೇಲೆ ಹೋಗಂಗಿಲ್ಲೇನು?" ಎಂದರಂತೆ.

ನಾನು ಹೋದಾಗ ನಂಬರು ಇನ್ನೂ ಬಂದಿರಲಿಲ್ಲ. ತಾರಸಿಯ ಮೇಲೆ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತಿದ್ದವು. ಕೆಳಗೆ ಯಜಮಾನರು ಬನಿಯನ್ನಿನಲ್ಲಿ ಕೂತು ಕಾರಿನ ಮರಕ್ಕೆ ವಾರ್ನಿಷ್ ಬಳಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಮುಗಿಸಬೇಕಂತೆ. ಮುಂದಿನ ಸೀಟಿನಲ್ಲಿ ಬಾಗಿಲು ತೆರೆದುಕೊಂಡು ಅವ್ವ ಅವರೆಕಾಯಿ ಸುಲಿಯುತ್ತಿದ್ದರು.